ಕಲ್ಲು ಕೂರೋ ಮೊದಲು

ಇವತ್ತಿನ ಟಿಪ್ಪಣಿ ಗದ್ದೆದಲ್ಲ, ಅಡಿಗೆಮನೆದು. ಅಣೆಕಟ್ಟಿನ 33 ಗೇಟು ಬದಲಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಅಂದಮೇಲೆ ಕಂಪ್ಲಿ ಕಡೆ ಕೆಳಮಟ್ಟದ ಕಾಲುವೆ ನಂಬಿದ ನಮ್ಮಂಥವರಿಗೆ ಕೈಗೆ ಕೆಲಸ ಇಲ್ಲದಂಗಾಯ್ತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಗಿದ್ದನ್ನ ನೋಡಿದವರು ನಾವು, ಹೊಸ ಗೇಟು ಬೇಡ ಅನ್ನೋಕೆ ಯಾರಿಗೂ ಬಾಯಿಲ್ಲ. ಆದರೆ ನಾಟಿ ಇಲ್ಲದ ಆ ತಿಂಗಳುಗಳಲ್ಲಿ ಸುಮ್ಮನೆ ಕೂರೋದು ಹೆಂಗೆ? ನಮ್ಮೂರಲ್ಲೇ ಮೂರು ಮನೆಯವರು ಅಡಿಗೆಮನೆ ಒಡೆದು ಹೊಸದು ಮಾಡಿಸಿದರು. ನಮ್ಮದು ನಾಲ್ಕನೇದು. ಯಾರನ್ನ ಯಾವಾಗ ಕರೆಸಿದ್ರಿ, ಎಷ್ಟು ದಿನ ಹಿಡೀತು ಅಂತ ಕೇಳೋರು ಜಾಸ್ತಿ ಆದರು. ಫೋನಲ್ಲಿ ಹೇಳಿದ್ದೇ ಹೇಳೋ ಬದಲು ಇಲ್ಲಿ ಬರೆದಿಡ್ತೀನಿ.

ಕೆಲಸ ಅಂದ್ರೆ ಇಷ್ಟೇ: ಹಳೇ ಒಲೆಕಟ್ಟೆ ತೆಗೆದು ಗ್ರಾನೈಟ್ ಕಟ್ಟೆ ಹಾಕೋದು, ಅದರ ಹಿಂದಿನ ಗೋಡೆಗೆ ಎರಡಡಿ ಟೈಲ್ಸ್ ಹಚ್ಚೋದು. ಕಲ್ಲು ಕೂರಿಸೋಕೆ ಒಂದು ದಿನ, ಟೈಲ್ಸಿಗೆ ಎರಡು ದಿನ. ನಮಗೆ ಹಿಡಿದದ್ದು ಆರು ವಾರ. ಯಾಕಂದ್ರೆ ಇದರಲ್ಲಿ ಐದು ಕೈ ಸೇರ್ತಾವೆ: ಗೌಂಡಿ, ಪ್ಲಂಬರ್, ಕರೆಂಟಿನವ, ಗ್ರಾನೈಟಿನವರು, ಕೊನೆಗೆ ಬಡಿಗೇರ. ಒಬ್ಬೊಬ್ಬರೂ ಅವರವರ ಕೆಲಸದಲ್ಲಿ ಗಟ್ಟಿ ಆಳುಗಳೇ. ಆದರೆ ಒಬ್ಬನ ಕೆಲಸ ಮುಗಿದು ಇನ್ನೊಬ್ಬನದು ಶುರುವಾಗೋ ಜಾಗ ಐತಲ್ಲ, ಅದು ಯಾರದ್ದೂ ಅಲ್ಲ. ಅಲ್ಲಿ ಮನೆಯವರೇ ನಿಲ್ಲಬೇಕು. ಪಾಳಿ ನೀರು ಬರೋ ರಾತ್ರಿ ತೂಬಿನ ಹತ್ತಿರ ಬ್ಯಾಟರಿ ಹಿಡಕೊಂಡು ಕೂರ್ತೀವಲ್ಲ, ಹಂಗೆ.

ಸರದಿ ಹಿಂಗಿತ್ತು. ಹಳೇದು ಒಡೆಯೋದು, ಗೋಡೆ ಕೊರೆದು ಪೈಪು ವೈರು ಹಾಕೋದು, ಪ್ಲಾಸ್ಟರ್, ಕಟ್ಟೆಗೆ ಕಾಲು, ಕಲ್ಲು, ಟೈಲ್ಸ್, ಆಮೇಲೆ ನಲ್ಲಿ, ಸ್ವಿಚ್ಚು, ಕೆಳಗಿನ ಬಾಗಿಲು. ಟೈಲ್ಸ್ ಮೊದಲು ಹಚ್ಚಿಬಿಡಾಣ, ಕಲ್ಲು ಆಮೇಲೆ ಬರಲಿ ಅನ್ನೋ ಗೌಂಡಿಗಳೂ ಅದಾರೆ, ಅವರಿಗೆ ಕೆಲಸ ಬೇಗ ಮುಗಿಸಿ ಹೋಗೋ ಅವಸರ. ಬೇಡ್ರಿ. ಟೈಲ್ಸ್ ಕಲ್ಲಿನ ಮೇಲೆ ಕೂತರೆ ಕಲ್ಲಿಗೂ ಗೋಡೆಗೂ ನಡುವಿನ ಸಂದು ಮುಚ್ಚತ್ತೆ, ಗೋಡೆ ಮೇಲಿಂದ ಇಳಿದ ನೀರು ಕಟ್ಟೆ ಮೇಲೇ ಬೀಳತ್ತೆ. ಟೈಲ್ಸ್ ಮೊದಲಾದರೆ ಅದೇ ನೀರು ಕಲ್ಲಿನ ಹಿಂದೆ ಹೋಗಿ ಗೋಡೆ ಕುಡೀತದೆ. ನಮ್ಮದು ಅಜ್ಜನ ಕಾಲದ ಕಲ್ಲು-ಮಣ್ಣಿನ ಗೋಡೆ. ಅದಕ್ಕೆ ನೀರು ಕುಡಿಸಿದರೆ ಆಮೇಲೆ ನಿಲ್ಲಿಸೋಕೆ ಆಗಲ್ಲ.

ಮೊದಲ ಜಗಳ ಎತ್ತರಕ್ಕೆ ಆಯ್ತು, ಅದೂ ಕೆಲಸದವರ ನಡುವೆ ಅಲ್ಲ, ಮನೆಯೊಳಗೇ. ಹೊಸಪೇಟೆ ಅಂಗಡಿಯಲ್ಲಿ "33 ಇಂಚು, ಎಲ್ರೂ ಅಷ್ಟೇ ಹಾಕ್ತಾರೆ" ಅಂದ್ರು. ನಮ್ಮ ಮನೆಯವರಿಗೆ ಅದು ಸರಿ ಇತ್ತು. ನೆಟ್ಟಗೆ ನಿಂತು ಮೊಣಕೈ ಮಡಚಿ, ಅಲ್ಲಿಂದ ನಾಲ್ಕಿಂಚು ಕೆಳಗೆ ಕಟ್ಟೆ ಬಂದರೆ ಹೆಚ್ಚೋದು ತೊಳೆಯೋದು ಹಗುರ. ಅವ್ವನಿಗೆ ಅದೇ ಲೆಕ್ಕ ಹಾಕಿದರೆ 30 ಬಂತು. ಆದರೆ ಅವ್ವನ ತಕರಾರು ಬೇರೆ. "ಅಷ್ಟೆತ್ತರದಾಗ ರೊಟ್ಟಿ ಬಡಿಯೋದಂದ್ರೆ ಗೋಡೆ ಸಾರಿಸಿದಂಗಾಗ್ತೈತೆ" ಅಂದಳು.

ನಗಾಡೋ ಮಾತಲ್ಲ ಅದು. ಜೋಳದ ರೊಟ್ಟಿ ಲಟ್ಟಣಿಗೆ ಕೆಲಸ ಅಲ್ಲ, ಅಂಗೈ ಕೆಲಸ. ಭುಜದ ಭಾರ ಮೇಲಿಂದ ಕೆಳಗೆ ಬೀಳಬೇಕು. ಕಟ್ಟೆ ಎತ್ತರ ಆದರೆ ಭುಜ ಮೇಲೆ ಎಳೆದುಕೊಂಡೇ ಬಡಿಯಬೇಕು, ಹತ್ತು ರೊಟ್ಟಿಗೆ ಕುತ್ತಿಗೆ ಹಿಡೀತದೆ. ಪೇಟೆಯ ಅಡಿಗೆಮನೆ ಫೋಟೋದಲ್ಲಿ ರೊಟ್ಟಿ ಬಡಿಯೋ ಹೆಣ್ಣುಮಗಳು ಇರೋದೇ ಇಲ್ಲ, ಹಂಗಾಗಿ ಅವರ 33 ಇಂಚಿಗೆ ಅವಳ ಲೆಕ್ಕ ಇಲ್ಲ. ಅವ್ವ ನಲವತ್ತು ವರ್ಷ ನೆಲದ ಒಲೆ ಮುಂದೆ ಕೂತು ಮಂಡಿ ಸವೆಸಿಕೊಂಡವಳು, ಈಗ ಕೂರೋಕೆ ಆಗಲ್ಲ, ಏಳೋಕೂ ಆಗಲ್ಲ. ಈ ಕೆಲಸ ಶುರು ಮಾಡಿದ್ದೇ ಅವಳ ಮಂಡಿ ಸಲುವಾಗಿ. ಅವಳೇ ನಿಲ್ಲೋಕಾಗದ ಕಟ್ಟೆ ಕಟ್ಟಿ ಏನು ಮಾಡೋದು? ಮರದ ಮೇಜಾದರೆ ಕಾಲು ಕೊಯ್ಯಬಹುದು. ಕಲ್ಲು ಒಂದ್ಸಲ ಕೂತರೆ ಕೂತಿತು.

ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ ಮೇಲೊಂದು ಹಲಗೆ ಇಟ್ಟೆವು. ಎರಡು ದಿನ ಅಡಿಗೆ ಎಲ್ಲ ಅದರ ಮೇಲೇ. ಒಂದೊಂದೇ ಇಟ್ಟಿಗೆ ತೆಗೀತಾ ಹೋದೆವು. ಅವ್ವನ ಕೈ 27 ಇಂಚಿಗೆ ಹಗುರಾಯ್ತು. "ಇದು ನೋಡಪ್ಪ, ಇಲ್ಲಿ ಬಡಿಯಬಹುದು" ಅಂದಳು. ನಮ್ಮ ಮನೆಯವರು ಅದೇ ತಗ್ಗಿನ ಮೇಲೆ ಒಲೆ ಇಟ್ಟು ನೋಡಿ, "ಅತ್ತೆ, ನಾಟಿ ಹೆಣ್ಣುಮಕ್ಕಳಿಗೆ ಸಾರು ಮಾಡೋ ದೊಡ್ಡ ಪಾತ್ರೆ ಕಲಕೋಕೆ ನನಗೂ ಇದೇ ಚಲೋ" ಅಂದ್ರು. ಒಲೆಯ ಎತ್ತರ, ಪಾತ್ರೆ ಎತ್ತರ ಸೇರಿದರೆ 33ರ ಕಟ್ಟೆ ಮೇಲೆ ಸೌಟು ಎದೆ ಮಟ್ಟಕ್ಕೆ ಬರತ್ತೆ. ಅಲ್ಲಿಗೆ ತೀರ್ಮಾನ ಆಯ್ತು. ಸಿಂಕು ಇರೋ 9 ಅಡಿ ಕಟ್ಟೆ 33 ಇಂಚು, ಮೂಲೆ ತಿರುಗಿದ ಮೇಲಿನ ನಾಲ್ಕಡಿ 27 ಇಂಚು. ಅಲ್ಲಿ ಒಲೆ ಮತ್ತು ರೊಟ್ಟಿ.

ಆರಿಂಚು ತಗ್ಗಿಸಿದ ಸುದ್ದಿ ಐದೂ ಮಂದಿಗೆ ಹೋಗಬೇಕಿತ್ತು. ಗ್ರಾನೈಟಿನವರಿಗೆ ನಡುವೆ ನಿಲ್ಲಿಸೋ ಪಟ್ಟಿ ಒಂದು ಹೆಚ್ಚು, ಅದರ ಅಂಚು ಪಾಲಿಶ್ ಬೇಕು. ಗೌಂಡಿಗೆ ಟೈಲ್ಸ್ ಕೆಳಗೆ ಆರಿಂಚು ತುಂಡು ಸೇರಿಸಬೇಕು, ಇಲ್ಲಾಂದ್ರೆ ಮೇಲಿನ ಸಾಲು ಮೆಟ್ಟಿಲಾಗತ್ತೆ. ಕರೆಂಟಿನವನಿಗೆ ಬೋರ್ಡ್ ಸಾಲು ಯಾವ ಕಟ್ಟೆಯಿಂದ ಅಳೆಯಬೇಕು ಗೊತ್ತಿರಬೇಕು. ಬಡಿಗೇರನಿಗೆ ಎರಡು ಅಳತೆ ಬಾಗಿಲು. ಸಿಲಿಂಡರ್ ತಗ್ಗಿನ ಕೆಳಗೆ ಬೇಡ, ರೆಗ್ಯುಲೇಟರ್ ತಿರುಗಿಸೋಕೆ ಕೈ ಹೋಗಲ್ಲ. ಅದು ಎತ್ತರದ ಕಟ್ಟೆ ಕೆಳಗೆ, ಮೂಲೆ ಪಕ್ಕ, ಗಾಳಿ ಆಡೋ ಹಂಗೆ. ಬಾಯಲ್ಲಿ ಹೇಳಿದರೆ ಐವರೂ ಐದು ತರ ಕೇಳಿಸಿಕೊಳ್ತಾರೆ. ಹಂಗಾಗಿ ಪ್ಲಾಸ್ಟರ್ ಆದಮೇಲೆ ಗೋಡೆ ಮೇಲೇ ಬಣ್ಣದ ದಾರ ಬಡಿದು ಇದ್ದಷ್ಟಕ್ಕಿದ್ದಷ್ಟು ಗೆರೆ ಹಾಕಿಸಿದೆ. ಕಲ್ಲಿನ ಮೇಲ್ಮುಖ ಒಂದು ಗೆರೆ, ಟೈಲ್ಸಿನ ತಲೆ ಒಂದು ಗೆರೆ, ನಲ್ಲಿ ಬಾಯಿ, ಬೋರ್ಡು ಎಲ್ಲ. ಫೋಟೋ ಹೊಡೆದು ವಾಟ್ಸಾಪಲ್ಲಿ ಐವರಿಗೂ ಕಳಿಸಿದೆ. ಮಟ್ಟ ನೋಡಿದ್ದು ನೀರು ತುಂಬಿದ ಟ್ಯೂಬಿನಿಂದ. ಮಣ್ಣಿನ ಮನೆ ನೆಲದಿಂದ ಅಳೆದರೆ ಮೋಸ, ನೆಲವೇ ಇಳಿಜಾರು ಇರತ್ತೆ.

ಈಗ ಅವಸರದ ಕಥೆ. ಗ್ರಾನೈಟ್ ಹುಡುಗರು ರಾಜಸ್ಥಾನದವರು, ಹೋಳಿಗೆ ಊರಿಗೆ ಹೋದರೆ ಹದಿನೈದು ದಿನ ಸಿಗಲ್ಲ. ಪ್ಲಾಸ್ಟರ್ ಆಗೋ ಮೊದಲೇ ಬಂದು ಟೇಪ್ ಹಿಡಿದು "ಭಯ್ಯಾ, ಈಗ ಅಳತೆ ತಗೋತೀವಿ, ಹೋಳಿ ಒಳಗೆ ಕಲ್ಲು ಹಾಕಿಬಿಡ್ತೀವಿ" ಅಂದರು. ಮನೆಯಲ್ಲಿ ಎಲ್ಲರಿಗೂ ಆಸೆ ಆಯ್ತು. ಹಿತ್ತಲಲ್ಲಿ ಹೊಗೆ ಕುಡಿದು ಮೂರು ವಾರ ಆಗಿತ್ತು. ಗೌಂಡಿ ಮಾತಾಡದೆ ಗೋಡೆ ಉದ್ದಕ್ಕೂ ದಾರ ಎಳೆದು ತೋರಿಸಿದ. 9 ಅಡಿಯಲ್ಲಿ ನಡುವೆ ಒಂದೂವರೆ ಇಂಚು ಹೊಟ್ಟೆ ಒಳಗೆ ಹೋಗಿತ್ತು. ಮೂಲೆಮಟ್ಟ ಇಟ್ಟರೆ ಮೂಲೆಯೂ ಮೂಲೆಯಲ್ಲ. "ಅಣ್ಣಾ, ಕಲ್ಲು ನೆಟ್ಟಗಿರ್ತೈತೆ, ಗೋಡೆ ಸೊಟ್ಟಗೈತೆ. ಈಗ ಅಳದ್ರೆ ಯಾವ ಗೋಡೆ ಅಳತೆ ಅದು?" ಅಂದ. ಹೋಳಿ ಮುಗಿಸಿಕೊಂಡೇ ಬರ್ರಿ ಅಂತ ಹುಡುಗರನ್ನ ಕಳಿಸಿದೆವು. ಮನೆಯವರು ಎರಡು ದಿನ ಮಾತಾಡಲಿಲ್ಲ, ಅದು ಬೇರೆ ವಿಷಯ.

ಆ ಎರಡು ವಾರ ಗೋಡೆಗೆ ಬಂತು ನೋಡ್ರಿ. ಮಣ್ಣಿನ ಗೋಡೆ ಮೇಲೆ ಸಿಮೆಂಟ್ ಹಂಗೇ ಬಳಿದರೆ ಹಪ್ಪಳದಂಗೆ ಏಳತ್ತೆ. ಸಂದುಗಳ ಮಣ್ಣು ಕೆರೆದು, ಕೋಳಿ ಜಾಲರಿ ಮೊಳೆ ಹೊಡೆದು, ಎರಡು ಸಲಕ್ಕೆ ಪ್ಲಾಸ್ಟರ್ ಮಾಡಿ, ಏಳು ದಿನ ನೀರು ಹೊಡೆದೆವು. ಸೊಟ್ಟ ಎಲ್ಲ ಪ್ಲಾಸ್ಟರಿನಲ್ಲೇ ತುಂಬಿತು. ಹೋಳಿ ಮುಗಿಸಿ ಬಂದ ಹುಡುಗ ದಾರ ಹಿಡಿದು ನೋಡಿ ನಕ್ಕ.

ಅದಕ್ಕೂ ಮೊದಲು, ಗೋಡೆ ಕೊರೆದ ದಿನವೇ, ಪ್ಲಂಬರಿಗೂ ಗೌಂಡಿಗೂ ಒಂದು ಮಾತು ಬಂತು. ನಲ್ಲಿ ಕೂರಿಸೋ ಹಿತ್ತಾಳೆ ಎಲ್ಬೋ ಗೋಡೆಯಲ್ಲಿ ಎಷ್ಟು ಆಳಕ್ಕೆ ಇರಬೇಕು ಅನ್ನೋದು. ಅದರ ಬಾಯಿ ಬರಬೇಕಾದ್ದು ಈಗಿನ ಗೋಡೆ ಮಟ್ಟಕ್ಕಲ್ಲ, ಮುಂದೆ ಬರೋ ಟೈಲ್ಸಿನ ಮುಖಕ್ಕೆ. ಪ್ಲಾಸ್ಟರ್ ದಪ್ಪ, ಅಂಟಿನ ದಪ್ಪ, ಟೈಲ್ಸ್ ದಪ್ಪ ಸೇರಿ ಒಂದಿಂಚು ದಾಟತ್ತೆ. ಒಳಗೆ ಹೂತರೆ ನಲ್ಲಿಯ ಮರೆ ಹತ್ತಲ್ಲ, ತುಂಡು ಸೇರಿಸಬೇಕು. ಹೊರಗೆ ಬಂದರೆ ನಲ್ಲಿ ಬುಡದ ತಟ್ಟೆ ಗೋಡೆಗೆ ಕೂರಲ್ಲ. "ನೀನು ಪ್ಲಾಸ್ಟರ್ ಎಷ್ಟು ಹಾಕ್ತೀಯ ಹೇಳು" ಅಂತ ಇವನು, "ನೀನು ಪೈಪ್ ಇಡು, ನಾ ಸರಿ ಮಾಡ್ತೀನಿ" ಅಂತ ಅವನು. ಕೊನೆಗೆ ಗೌಂಡಿಯೇ ಗೋಡೆಯ ಎರಡು ತುದಿಗೆ ಟೈಲ್ಸ್ ತುಂಡು ಅಂಟಿಸಿ ನಡುವೆ ದಾರ ಕಟ್ಟಿದ. ಪ್ಲಂಬರ್ ಆ ದಾರಕ್ಕೆ ಎಲ್ಬೋ ಬಾಯಿ ಹಿಡಿದ. ಹತ್ತು ನಿಮಿಷದ ಕೆಲಸ. ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿದ್ದರಿಂದ ಆಯ್ತು, ಬೇರೆ ಬೇರೆ ದಿನ ಬಂದಿದ್ದರೆ ಆಗ್ತಿರಲಿಲ್ಲ. ಪೈಪಿಗೆ ಬಿರಡೆ ಹಾಕಿ ರಾತ್ರಿಯಿಡೀ ಟ್ಯಾಂಕಿನ ನೀರು ಬಿಟ್ಟು, ಬೆಳಗ್ಗೆ ಒಣಗಿದ ಪೇಪರ್ ಒರೆಸಿ ನೋಡಿದ ಮೇಲೇ ಮುಚ್ಚೋಕೆ ಬಿಟ್ಟೆ. ಮುಚ್ಚೋ ಮೊದಲು ಟೇಪ್ ಪಕ್ಕದಲ್ಲಿಟ್ಟು ಫೋಟೋ ಹೊಡೆದಿಟ್ಟುಕೊಳ್ರಿ, ಮುಂದೆ ಮೊಳೆ ಹೊಡೆಯೋರು ಪೈಪಿಗೇ ಹೊಡೀತಾರೆ.

ಕರೆಂಟಿನವ ಸಂಡೂರು ಕಡೆಯವ. ಗಣಿಯಲ್ಲಿ ಮೋಟಾರು, ಪ್ಯಾನಲ್ಲು ನೋಡಿಕೊಳ್ತಿದ್ದ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿದಾಗ ಮನೆ ವೈರಿಂಗಿಗೆ ಇಳಿದವ. ಮಾತು ಕಡಿಮೆ. ಮಿಕ್ಸರ್ ಬೋರ್ಡು ಒಲೆ ಮೇಲೂ ಬೇಡ, ಸಿಂಕ್ ಮೇಲೂ ಬೇಡ, ಎತ್ತರದ ಕಟ್ಟೆಯಿಂದ ಒಂಬತ್ತಿಂಚು ಮೇಲೆ ಸಾಲಾಗಿ ಇರಲಿ ಅಂದ, ಹಂಗೇ ಆಯ್ತು. ಬೇರೆಯವರು ಬರೋ ಮೊದಲು ಇಎಲ್‌ಸಿಬಿ ಹಾಕಿಸಿದ್ದು ಅವನ ಹಟ. ಅದು ಯಾಕೆ ಬೇಕಾಯ್ತು ಮುಂದೆ ಹೇಳ್ತೀನಿ.

ಕಲ್ಲಿನ ವಿಷಯ. ನಮ್ಮ ಭಾಗದ ಹಳೇ ಮನೆಗಳಲ್ಲಿ ಕಡಪ ಕಲ್ಲೇ ಕಟ್ಟೆ. ಅಗ್ಗ, ಆದರೆ ಅದು ಸುಣ್ಣದ ಜಾತಿ ಕಲ್ಲು, ಹುಣಸೆಹುಳಿ ನಿಂಬೆಹಣ್ಣು ಬಿದ್ದಲ್ಲಿ ಬಿಳಿಚಿಕೊಳ್ಳತ್ತೆ. ಹಂಗಾಗಿ ಕಾಲಿಗೂ ಒಳಗಿನ ಹಲಗೆಗೂ ಕಡಪ, ಮೇಲೆ ಗ್ರಾನೈಟ್. ಇಳಕಲ್ಲಿನ ಕೆಂಪು ನನಗೆ ಇಷ್ಟ ಇತ್ತು, ಮನೆಯವರು ಕಪ್ಪು ಅಂದ್ರು, ಕಪ್ಪೇ ಬಂತು. ಅಂಗಡಿಯವರ ಲೆಕ್ಕ ಹುಷಾರು. ಒಂದು ಕಡೆ 9 ಅಡಿ, ಇನ್ನೊಂದು ಕಡೆ 6 ಅಡಿ, ಒಟ್ಟು 15, ಅಗಲ 2, ಆಯ್ತು 30 ಚದರಡಿ ಅಂತ ಬರೆದರು. ಮೂಲೆಯ ಎರಡಡಿ ಎರಡು ಸಲ ಬಂತಲ್ಲ! 9 ಇಂಟು 2 ಹದಿನೆಂಟು, ಉಳಿದ 4 ಇಂಟು 2 ಎಂಟು, 26. ನಿಲ್ಲಿಸೋ ಪಟ್ಟಿ ಒಂದು ಚದರಡಿ ಸೇರಿ 27. ಅಂಚಿನ ಪಾಲಿಶ್ ಬೇರೆ, ಅದು ಉದ್ದದ ಅಡಿ ಲೆಕ್ಕ. ಬೆಲೆ ನಾನು ಬರೆಯಲ್ಲ, ವಾರಕ್ಕೊಂದು ಇರತ್ತೆ. ಸಿಂಕಿಗೆ ಕತ್ತರಿಸಿ ತೆಗೆದ ತುಂಡಿಗೂ ದುಡ್ಡು ಕೊಟ್ಟಿರ್ತೀರಿ, ಮನೆಗೆ ತರ್ರಿ. ನಮ್ಮದು ಈಗ ಕುಡಿಯೋ ನೀರಿನ ಕೊಡದ ಕೆಳಗೈತೆ.

ಇನ್ನೊಂದು, ಯಾರೂ ಯೋಚಿಸದ ಮಾತು: ಕಲ್ಲು ಒಳಗೆ ಬರೋದು ಹೆಂಗೆ? 18 ಮಿಲಿಮೀಟರ್ ಗ್ರಾನೈಟ್ ಚದರಡಿಗೆ ಹೆಚ್ಚುಕಮ್ಮಿ ನಾಲ್ಕೂವರೆ ಕೆ.ಜಿ. 9 ಅಡಿ ಕಲ್ಲು 80 ಕೆ.ಜಿ., ನಮ್ಮ 75 ಕೆ.ಜಿ. ನೆಲ್ಲಿನ ಚೀಲಕ್ಕಿಂತ ಭಾರ. ಚೀಲ ಆದರೆ ಬಗ್ಗತ್ತೆ, ಇದು ಬಗ್ಗಿದರೆ ಎರಡಾಗತ್ತೆ. 9 ಅಡಿ ಬೊಂಬಿಗೆ ಎರಡಡಿ ಅಡ್ಡಕಟ್ಟಿಗೆ ಕಟ್ಟಿ, ಇಬ್ಬರು ಹಿಡಕೊಂಡು ತಲೆಬಾಗಿಲಿಂದ ನಡೆದು ನೋಡಿದೆವು. ಪಡಸಾಲೆ ದಾಟಿ ತಿರುಗೋ ಕಡೆ ಸಿಕ್ಕಿಹಾಕಿಕೊಂಡಿತು. ಹಿತ್ತಲ ಬಾಗಿಲಿಂದ ಸಲೀಸಾಗಿ ಬಂತು. ಆದರೆ ಅದೇ ಬಾಗಿಲ ಮುಂದೆ ಗೌಂಡಿ ಪಾತ್ರೆ ತೊಳೆಯೋ ಕಟ್ಟೆ ಕಟ್ಟೋನಿದ್ದ, ಇಟ್ಟಿಗೆನೂ ಇಳಿಸಿದ್ದ. ಅದನ್ನ ಕಲ್ಲು ಬಂದ ಮೇಲೆ ಅಂತ ತಳ್ಳಿದೆವು.

ಹಂಪಿಗೆ ಹೋದಾಗ ಭೋಜನಶಾಲೆ ನೋಡಿರ್ತೀರಿ. ನೀರಿನ ಕಾಲುವೆ ಎರಡೂ ಬದಿಗೆ ಕಲ್ಲಿನ ಊಟದ ತಟ್ಟೆಗಳು, ಪಲ್ಯಕ್ಕೆ ಸಾರಿಗೆ ಬೇರೆ ಬೇರೆ ಗುಳಿ. ನಾವು ಹುಡುಗರಿದ್ದಾಗ ತಟ್ಟೆ ನೋಡಿ ಬರ್ತಿದ್ದೆವು. ಈಗ ನೋಡಿದರೆ ನನಗೆ ಕಾಣೋದು ಆ ಕಾಲುವೆಯ ವಾಟ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅಂತ ಮೊದಲೇ ತಿಳಕೊಂಡು ಕಲ್ಲು ಇಟ್ಟವರ ಕೆಲಸ. ನಮ್ಮ ಕಟ್ಟೆಗೂ ಸಿಂಕಿನ ಕಡೆ ಕೂದಲೆಳೆ ವಾಟ ಕೊಡ್ಸಿದ್ದು ಅದೇ ಲೆಕ್ಕ, ಮುಂದಿನ ಅಂಚಿನ ಕೆಳಗೆ ಒಂದು ಸಣ್ಣ ಗೀರು ಕೂಡ ಹಾಕ್ಸಿದ್ವಿ. ಚೆಲ್ಲಿದ ನೀರು ಆ ಗೀರಿಗೆ ಬಂದು ತೊಟ್ಟಿಕ್ಕತ್ತೆ, ಒಳಗಿನ ಬಾಗಿಲಿಗೆ ಹೋಗಲ್ಲ. ಅಂದಹಾಗೆ ಹಂಪಿ ಪ್ರಾಧಿಕಾರದ ವ್ಯಾಪ್ತಿಯ ಹಳ್ಳಿಯವರು ಗೋಡೆ ಒಡೆಯೋ ಮೊದಲು ಅನುಮತಿ ವಿಚಾರಿಸಿಕೊಳ್ರಿ.

ಧೂಳಿನ ಮಾತು ನಾನು ಒತ್ತಿ ಹೇಳ್ತೀನಿ. ಹುಡುಗರು ಕಲ್ಲು ಇಳಿಸಿದವರೇ ಅಡಿಗೆಮನೆ ಒಳಗೇ ಕಟಿಂಗ್ ಮಷೀನ್ ಹಚ್ಚೋಕೆ ಹೋದರು, ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡು. ನಿಲ್ಲಿಸಿದೆ. ಸಂಡೂರು ರಸ್ತೆ ಅದಿರಿನ ಕೆಂಪು ಧೂಳು ಕಣ್ಣಿಗೆ ಕಾಣತ್ತೆ, ಬಟ್ಟೆಗೆ ಹತ್ತತ್ತೆ, ನಾವು ಬೈತೀವಿ. ಕಲ್ಲು ಕೊಯ್ದಾಗ ಏಳೋ ಸಿಲಿಕಾ ಧೂಳಿನಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣದಷ್ಟು ಸಣ್ಣದು. ಟವೆಲ್ ಅದನ್ನ ತಡೆಯಲ್ಲ. ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗತ್ತೆ, ಅದಕ್ಕೆ ಸಿಲಿಕೋಸಿಸ್ ಅಂತಾರೆ, ವಾಸಿಯಾಗೋ ಔಷಧ ಇಲ್ಲ. ಅಂಗಡಿಯಲ್ಲಿ ಈಗ ಕ್ವಾರ್ಟ್ಜ್ ಅಂತ ಕಾರ್ಖಾನೆ ಕಲ್ಲು ತೋರಿಸ್ತಾರಲ್ಲ, ಹೊಳಪು ಚೆಂದ. ಅದರಲ್ಲಿ ಸಿಲಿಕಾ ನೂರಕ್ಕೆ ತೊಂಬತ್ತರವರೆಗೂ, ಅದಕ್ಕಿಂತ ಮೇಲೂ ಇರತ್ತೆ, ಗ್ರಾನೈಟಿನಲ್ಲಿ ಅರ್ಧಕ್ಕಿಂತ ಕಡಿಮೆ. ಕೊಯ್ಯೋ ಕೆಲಸದವರು ಸಾಯ್ತಾರೆ ಅಂತ ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧ ಮಾಡಿದ್ರು. ನಮ್ಮ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ನಮ್ಮ ಕಟ್ಟೆ ಹೊಳೆಯೋಕೆ ಅವನ ಎದೆ ಯಾಕೆ ಹಾಳಾಗಬೇಕು?

ಸಿಂಕನ್ನೇ ಮೊದಲು ತಂದು ಅವರ ಯಾರ್ಡಿಗೆ ಕಳಿಸಿದ್ದೆ, ಆ ದೊಡ್ಡ ತೂತು ಅಲ್ಲೇ ನೀರು ಸುರಿಯೋ ಮಷೀನಿನಲ್ಲಿ ಕತ್ತರಿಸಿದ್ದರು. ಮನೆಯಲ್ಲಿ ಉಳಿದದ್ದು ಮೂಲೆ ಸವರೋದು, ನಲ್ಲಿ ತೂತು. ಅದನ್ನ ಹಿತ್ತಲಲ್ಲಿ, ಗಾಳಿಗೆ ಬೆನ್ನು ಮಾಡಿ, ಒಬ್ಬ ಬಾಟಲಿಯಿಂದ ನೀರು ಬಿಡ್ತಾ ಇನ್ನೊಬ್ಬ ಕೊಯ್ದ. ನೀರು, ಕರೆಂಟು ಎರಡೂ ಒಂದೇ ಕಡೆ, ಅದಕ್ಕೇ ಇಎಲ್‌ಸಿಬಿ. ಮನೆಯವರು ಅರ್ಧ ತಾಸು ತಡ ಆಯ್ತು ಅಂದ್ರು, ಆಗಲಿ ಅಂದೆ.

ಟೈಲ್ಸು ಸಲೀಸು. ಒಂದಡಿ ಅಗಲ ಎರಡಡಿ ಉದ್ದದ್ದು ನಿಲ್ಲಿಸಿ ಹಚ್ಚಿದರೆ 15 ಅಡಿ ಗೋಡೆಗೆ 15. ತಗ್ಗಿನ ನಾಲ್ಕಡಿಗೆ ಆರಿಂಚು ತುಂಡು, ಒಂದು ಟೈಲ್ಸಿನಲ್ಲಿ ನಾಲ್ಕು ತುಂಡು ಬರತ್ತೆ, ಅಲ್ಲಿಗೆ 16, ಒಡೆಯೋಕೆ ಎರಡು. ಒಂದು ಅಂಗಡಿಯವರು ಎರಡು ಬೇರೆ ಲಾಟಿನ ಡಬ್ಬಿ ಕಳಿಸಿದ್ದರು, ಹೆಸರು ನಂಬರ್ ಒಂದೇ, ಬಣ್ಣ ಬಿಸಿಲಲ್ಲಿ ಬೇರೆ. ಇಳಿಸುವಾಗಲೇ ಡಬ್ಬಿ ಮೇಲಿನ ಲಾಟ್ ನೋಡಿದ್ದರಿಂದ ಅದೇ ಗಾಡಿಯಲ್ಲಿ ವಾಪಸ್ ಹೋಯ್ತು. ಗೋಡೆಗೆ ಹಚ್ಚಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ.

ದುಡ್ಡು ಕೊಟ್ಟದ್ದು ಹಿಂಗೆ. ಪ್ಲಂಬರಿನ ಕೊನೇ ಕಂತು ಗೌಂಡಿ ಪೈಪು ಸರಿ ಐತೆ ಅಂದಮೇಲೆ. ಗೌಂಡಿಯ ಪ್ಲಾಸ್ಟರ್ ಕಂತು ಗ್ರಾನೈಟಿನವ ದಾರ ಹಿಡಿದು ಒಪ್ಪಿದ ಮೇಲೆ. ಗ್ರಾನೈಟಿನವರದ್ದು ಗೌಂಡಿ ರಸಮಟ್ಟ ಇಟ್ಟು ನೋಡಿದ ಮೇಲೆ. ಮೊದಲೇ ಹೇಳಿಬಿಟ್ಟಿದ್ದೆ, ಹಂಗಾಗಿ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕೆಸರು ಮಡಿ ಸರಿಯಿಲ್ಲದಿದ್ದರೆ ಟ್ರ್ಯಾಕ್ಟರಿನವನಿಗೆ ನಾವು ಹೇಳೋ ಮೊದಲು ನಾಟಿ ಹೆಣ್ಣುಮಕ್ಕಳೇ ಹೇಳ್ತಾರಲ್ಲ, ಹಿಂದಿನವನ ತಪ್ಪು ಕಾಣೋದು ಮುಂದಿನವನ ಕಾಲಿಗೆ.

ಉಗಾದಿ ಹೋಳಿಗೆ ಹೊಸ ಕಟ್ಟೆ ಮೇಲೇ ಆಯ್ತು. ಬಡಿಗೇರ ಇನ್ನೂ ಬಂದಿಲ್ಲ, ಕೆಳಗೆ ಸದ್ಯಕ್ಕೆ ಹಳೇ ಸೀರೆ ಪರದೆ. ಅವ್ವ ತಗ್ಗಿನ ಕಡೆ ಮನೆಯವರನ್ನೂ ಬಿಟ್ಟುಕೊಡ್ತಿಲ್ಲ. ಕಲ್ಲು ಟೈಲ್ಸ್ ಸೇರೋ ಸಂದಿಗೆ ಸಿಲಿಕಾನ್ ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡ್ರಿ. ಬೊಂಬಿನ ಚೌಕಟ್ಟು, ನೀರಿನ ಟ್ಯೂಬು ನಮ್ಮ ಕಣದ ಕೊಟ್ಟಿಗೆಯಲ್ಲಿ ಐತೆ, ಬೇಕಾದವರು ಬಂದು ಒಯ್ಯಿರಿ, ಕಾಲುವೆಗೆ ನೀರು ಬರೋದ್ರೊಳಗೆ ತಂದುಕೊಡ್ರಿ.